ಫ್ಯಾನ್ ತಿರುಗುವಾಗ ಬ್ಯಾಟರಿ ಕಡೆ ಒಂದು ಕಣ್ಣು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಏಪ್ರಿಲ್ ತಿಂಗಳು. ಮಂಗಳೂರಿನಿಂದ ಹಾಸನಕ್ಕೆ ಬೈಕಿನಲ್ಲಿ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮುಂದೆ ಲಾರಿಗಳ ಸಾಲು. ಹತ್ತು ಮಾರು ಮುಂದೆ, ಐದು ನಿಮಿಷ ನಿಲ್ಲು. ಅರ್ಧ ಗಂಟೆ ಹೀಗೇ ಆಯಿತು. ಇಂಜಿನ್ ತಂಪು ಮಾಡುವ ರೇಡಿಯೇಟರ್ ಫ್ಯಾನ್ ಗುಂಯ್ ಅಂತ ತಿರುಗುತ್ತಲೇ ಇತ್ತು. ತಿರುಗಲಿ ಬಿಡು, ಅದರ ಕೆಲಸ ಅದು ಮಾಡ್ತಿದೆ ಅಂದುಕೊಂಡೆ. ಒಂದು ಕಡೆ ಇಂಜಿನ್ ಆಫ್ ಮಾಡಿ ನೀರು ಕುಡಿದೆ. ಮತ್ತೆ ಸ್ಟಾರ್ಟ್ ಒತ್ತಿದರೆ ಟಿಕ್ ಟಿಕ್ ಟಿಕ್. ಅಷ್ಟೇ.

ನನ್ನ ಬೈಕಿಗೆ ಕಿಕ್ಕರ್ ಇಲ್ಲ. ಇಬ್ಬರು ಲಾರಿ ಕ್ಲೀನರ್‌ಗಳು ಸೇರಿ ಬೈಕನ್ನು ಇಳಿಜಾರಿನ ಕಡೆ ತಿರುಗಿಸಿ ಕೊಟ್ಟರು. ಸೆಕೆಂಡ್ ಗೇರಿನಲ್ಲಿ ಉರುಳಿಸಿ ಕ್ಲಚ್ ಬಿಟ್ಟೆ. ಪುಣ್ಯಕ್ಕೆ ಹಿಡಿಯಿತು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಅದೂ ಆಗುತ್ತಿರಲಿಲ್ಲ. ಪೆಟ್ರೋಲನ್ನು ಚಿಮ್ಮಿಸಿ ಕೊಡುವ ಇಂಜೆಕ್ಷನ್ ಬೈಕಿನಲ್ಲಿ ಪೆಟ್ರೋಲ್ ತಳ್ಳುವ ಪಂಪಿಗೂ ಕರೆಂಟ್ ಬೇಕಲ್ವಾ.

ಬೇಜಾರಿನ ಸಂಗತಿ ಅಂದ್ರೆ, ಆ ಬ್ಯಾಟರಿ ಹಾಕಿಸಿ ನಾಲ್ಕು ತಿಂಗಳೂ ಆಗಿರಲಿಲ್ಲ. ಅದಕ್ಕೂ ಮೊದಲು ಹಳೇ ಬ್ಯಾಟರಿ ಇದೇ ಥರ ಎರಡು ಸಲ ಕೈಕೊಟ್ಟಿತ್ತು. ತೋರಿಸಲು ಹೋದ ಗ್ಯಾರೇಜಿನಲ್ಲಿ ಮೀಟರ್ ಹಿಡಿದು ನೋಡಲೇ ಇಲ್ಲ. "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿ" ಅಂದರು. ನಾನೂ ಸುಮ್ನೆ ದುಡ್ಡು ಕೊಟ್ಟು ಬಂದೆ. ತಪ್ಪು ಅರ್ಧ ನನ್ನದೇ.

ಬೈಕಿನಲ್ಲಿ ಕರೆಂಟ್ ಹೇಗೆ ಓಡಾಡುತ್ತದೆ ಅನ್ನೋದನ್ನ ನಮ್ಮ ಮನೆ ಸಂಪಿನ ಲೆಕ್ಕದಲ್ಲಿ ಹೇಳುತ್ತೇನೆ. ಬ್ಯಾಟರಿ ಅಂದರೆ ಸಂಪು. ಅದನ್ನು ತುಂಬಿಸುವ ನಲ್ಲಿ ಇಂಜಿನ್ ಒಳಗಿನ ಮ್ಯಾಗ್ನೆಟ್ ಕಾಯಿಲ್. ಇಂಜಿನ್ ಜೋರಾಗಿ ತಿರುಗಿದರೆ ನಲ್ಲಿ ಜೋರು, ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ನಿಂತಾಗ, ನಲ್ಲಿ ಸಣ್ಣ. ಕಾಯಿಲಿನಿಂದ ಬರುವುದು ಎಸಿ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಅದನ್ನು ಒಂದೇ ದಿಕ್ಕಿನ ಡಿಸಿ ಮಾಡಿ, 14 ವೋಲ್ಟ್ ಆಸುಪಾಸಿಗೆ ಹಿಡಿದು ಬ್ಯಾಟರಿಗೆ ಕೊಡುವುದು ರೆಗ್ಯುಲೇಟರ್ ರೆಕ್ಟಿಫೈಯರ್. ಮೆಕ್ಯಾನಿಕ್‌ಗಳ ಬಾಯಲ್ಲಿ ಆರ್‌ಆರ್ ಯೂನಿಟ್.

ಈಗ ಖರ್ಚು ನೋಡಿ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ಇಂಜಿನ್ ಓಡುವಷ್ಟು ಹೊತ್ತೂ ಲೈಟ್ ಉರಿಯುತ್ತದೆ. 2020ರಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್6 ನಿಯಮ ಬಂದ ಮೇಲೆ ಬಹುಪಾಲು ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು. ಪಂಪ್, ಇಂಜೆಕ್ಟರ್, ಇಂಜಿನ್ನಿನ ಪುಟ್ಟ ಕಂಪ್ಯೂಟರ್ ಆದ ಇಸಿಯು, ಎಲ್ಲಕ್ಕೂ ಕರೆಂಟ್. ಇದರ ಮೇಲೆ ನೀರಿನಿಂದ ತಂಪಾಗುವ ಬೈಕಾದರೆ ಫ್ಯಾನು. ಅದೊಂದೇ ಮೂರು ನಾಲ್ಕು ಆಂಪಿಯರ್ ಎಳೆಯುತ್ತದೆ. ಅಂದರೆ ಸುಮಾರು 40 ವ್ಯಾಟ್, ಹೆಚ್ಚುಕಡಿಮೆ ಇನ್ನೊಂದು ಹೆಡ್‌ಲೈಟ್ ಹಚ್ಚಿದ ಹಾಗೆ.

ಫ್ಯಾನ್ ಯಾವಾಗ ತಿರುಗುತ್ತೆ? ಓಡುವಾಗ ಅಲ್ಲ. ಓಡುವಾಗ ಗಾಳಿಯೇ ಸಾಕು. ನಿಂತಾಗ ತಿರುಗುತ್ತದೆ. ನಿಂತಾಗ ಇಂಜಿನ್ ಐಡಲ್. ನಲ್ಲಿ ಸಣ್ಣಗಾದ ಹೊತ್ತಿಗೇ ಮನೆಗೆ ನೆಂಟರು ಬಂದ ಹಾಗೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಬ್ಯಾಟರಿ ಸೊರಗುವುದು ಹೀಗೇ.

ಊರಿಗೆ ಬಂದು, ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್‌ಗೆ ಹಾಕಿ, ಮಾರನೇ ದಿನ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್. ಬ್ಯಾಟರಿ ಗಟ್ಟಿಯಾಗೇ ಇದೆ. ತುಂಬಿದ ಬ್ಯಾಟರಿ ಸುಮ್ಮನೆ ನಿಂತಾಗ 12.6ರಿಂದ 12.8 ತೋರಿಸಬೇಕು. 12ಕ್ಕೆ ಬಂದರೆ ಸಂಪಿನ ತಳ ಕಾಣುತ್ತಿದೆ ಅಂತಲೇ ಲೆಕ್ಕ. ಇಂಜಿನ್ ಸ್ಟಾರ್ಟ್ ಮಾಡಿ 4,000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 4,000 ಸುತ್ತಿಗೆ, ಏರಿಸಿದೆ. 14 ದಾಟಬೇಕಿತ್ತು, 13 ಕೂಡ ಮುಟ್ಟಲಿಲ್ಲ. ಬಿಸಿಯಾಗಿ ಫ್ಯಾನ್ ಶುರುವಾಯಿತು. ಐಡಲ್‌ನಲ್ಲಿ 12.2. ನನ್ನ ಕಣ್ಣೆದುರೇ 12.1 ಆಯಿತು. ಇಂಜಿನ್ ಓಡುತ್ತಿದ್ದಾಗಲೇ ಬ್ಯಾಟರಿ ಖಾಲಿಯಾಗುತ್ತಿದೆ!

ಕಾಯಿಲಿನಿಂದ ಮೂರು ತಂತಿ ಬರುತ್ತವೆ. ಬಹುಪಾಲು ಬೈಕುಗಳಲ್ಲಿ ಮೂರೂ ಹಳದಿ. ತಂತಿಗಳನ್ನು ಜೋಡಿಸುವ ಒಂದು ಪ್ಲಾಸ್ಟಿಕ್ ಕಪ್ಲರ್ ಮೂಲಕ ಆರ್‌ಆರ್ ಯೂನಿಟ್ ಸೇರುತ್ತವೆ. ಸೀಟು ತೆಗೆದು ಆ ಕಪ್ಲರ್ ಎಳೆದು ನೋಡಿದೆ. ಬಿಳೀ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ತಿರುಗಿ ಕರಗಿತ್ತು. ಒಳಗಿನ ಒಂದು ಪಿನ್ನು ಸುಟ್ಟ ಸಾಸಿವೆ ಹಾಗೆ ಕಪ್ಪು. ಮೂಗಿಗೆ ಹಿಡಿದರೆ ಸೀದ ವಾಸನೆ. ಈ ಕರಿ ಪಿನ್ನಿಗೋಸ್ಕರ ನಾನು ಹೊಸ ಬ್ಯಾಟರಿ ಕೊಂಡಿದ್ದೆ.

ಕಪ್ಲರ್ ಬಿಚ್ಚಿಟ್ಟು, ಇಂಜಿನ್ ಓಡಿಸಿ, ಮೀಟರನ್ನು ಎಸಿಗೆ ತಿರುಗಿಸಿ ಎರಡೆರಡು ಹಳದಿ ತಂತಿಗಳ ನಡುವೆ ಅಳೆದೆ. ಮೂರು ಜೋಡಿಯಲ್ಲೂ ಒಂದೇ ಸಮ ವೋಲ್ಟೇಜ್. ಹಾಗಾದರೆ ಕಾಯಿಲ್ ಸರಿ ಇದೆ. ಈ ಕೆಲಸ ಮಾಡುವಾಗ ಆ ತಂತಿಗಳಿಗೆ ಕೈ ತಾಗಿಸಬೇಡಿ, ಇಂಜಿನ್ ಜೋರಾದರೆ 50 ವೋಲ್ಟ್ ಮೇಲೆ ಹೋಗುತ್ತದೆ. ಮೂರರಲ್ಲಿ ಒಂದು ತಂತಿ ಹೋದರೆ ಮೂರನೇ ಒಂದು ಪಾಲು ಮಾತ್ರ ನಷ್ಟ ಅಂದುಕೊಳ್ಳಬೇಡಿ. ತಂತಿಗಳು ಜೋಡಿಯಾಗಿ ದುಡಿಯುವುದು. ಒಂದು ಹೋದರೆ ಉಳಿಯುವುದು ಒಂದೇ ಜೋಡಿ.

ಹೊಸ ಕಪ್ಲರ್ ಹಾಕಿಸಿದೆ. ಬ್ಯಾಟರಿಯ ಬೆಲೆ ಮುಂದೆ ಅದು ಏನೂ ಅಲ್ಲ. 4,000ಕ್ಕೆ 14.2 ಬಂತು. ಫ್ಯಾನ್ ತಿರುಗುವಾಗ ಐಡಲ್‌ನಲ್ಲಿ 12.9. ನಿಮ್ಮ ಬೈಕಿನಲ್ಲಿ ಇದು 15 ದಾಟಿದರೆ ಅದೂ ಒಳ್ಳೆಯದಲ್ಲ. ರೆಗ್ಯುಲೇಟರ್ ಹಿಡಿತ ತಪ್ಪಿದೆ ಅಂತ ಅರ್ಥ, ಬ್ಯಾಟರಿ ಕುದ್ದು ಹೋಗುತ್ತದೆ.

ಆಮೇಲೆ ಹ್ಯಾಂಡಲ್ ಪಕ್ಕ ಮೂರಂಕಿಯ ಒಂದು ಪುಟ್ಟ ವೋಲ್ಟ್ ಮೀಟರ್ ಕೂರಿಸಿದೆ. ಅದರ ತಂತಿಯನ್ನು ಹೆಡ್‌ಲೈಟ್ ತಂತಿಗೆ ಸಿಕ್ಕಿಸುವುದು ಸುಲಭ, ಆದರೆ ಅಲ್ಲಿ ಅಂಕಿ ಸ್ವಲ್ಪ ಕಡಿಮೆಯೇ ತೋರುತ್ತದೆ. ಬ್ಯಾಟರಿಯಿಂದಲೇ ತಂತಿ ತಂದು, ಮಧ್ಯೆ ಸಣ್ಣ ಫ್ಯೂಸ್ ಹಾಕಿ, ಕೀ ತಿರುಗಿಸಿದಾಗ ಮಾತ್ರ ಉರಿಯುವ ಹಾಗೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಹಾಕಿ ತೆಗೆಯುವ ಸ್ವಿಚ್, ಕೊಡಿಸಿ. ಅಗ್ಗದ ಮೀಟರ್‌ಗಳು ಒಂದೆರಡು ಪಾಯಿಂಟ್ ಸುಳ್ಳು ಹೇಳುತ್ತವೆ. ಮಲ್ಟಿಮೀಟರ್ ಜೊತೆ ಒಮ್ಮೆ ತಾಳೆ ನೋಡಿ.

ಫ್ಯಾನಿನ ವಿಷಯಕ್ಕೆ ಬರೋಣ. ಇಂಜಿನ್ ತಂಪು ಮಾಡುವ ದ್ರವ, ಕೂಲಂಟ್, ಅದರ ಬಿಸಿ ಎಷ್ಟಿದೆ ಅಂತ ಒಂದು ಸೆನ್ಸಾರ್ ನೋಡುತ್ತಿರುತ್ತದೆ. ಸಾಮಾನ್ಯವಾಗಿ 100 ಡಿಗ್ರಿ ಹತ್ತಿರ ಬಂದಾಗ ಫ್ಯಾನ್ ಶುರು, ಕೆಲವು ಡಿಗ್ರಿ ಇಳಿದ ಮೇಲೆ ಬಂದ್. ಒಂದೇ ಡಿಗ್ರಿಗೆ ಶುರುವೂ ಬಂದೂ ಇಟ್ಟರೆ ಫ್ಯಾನು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿತ್ತು. ಮೇಲಿನ ಟ್ಯಾಂಕ್ ಪೂರ್ತಿ ತುಂಬಿದಾಗ ನಿಂತ ಮೋಟಾರು, ನೀರು ಅರ್ಧ ಇಳಿಯುವ ತನಕ ಶುರುವಾಗಲ್ಲ ನೋಡಿ, ಅದೇ ಲೆಕ್ಕ.

ಕೆಲವರು ಇದಕ್ಕೊಂದು ಸ್ವಿಚ್ ಹಾಕಿಸುತ್ತಾರೆ. ಘಾಟಿ ಹತ್ತುವ ಮೊದಲೇ ಫ್ಯಾನ್ ಹಾಕಿಕೊಳ್ಳುವ ಸ್ವಿಚ್ ಆದರೆ ನನ್ನ ತಕರಾರಿಲ್ಲ. ಫ್ಯಾನ್ ಆರಿಸುವ ಸ್ವಿಚ್ ಮಾತ್ರ ಖಂಡಿತ ಬೇಡ. ಬ್ಯಾಟರಿ ಉಳಿಸಲು ಹೋಗಿ ಇಂಜಿನ್ ತಲೆಯ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಳ್ಳುತ್ತೀರಿ. ಸೆನ್ಸಾರ್ ತಂತಿಯನ್ನಂತೂ ಕತ್ತರಿಸಬೇಡಿ. ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಇಸಿಯು ಲೆಕ್ಕ ಹಾಕುವುದೂ ಅದೇ ಸೆನ್ಸಾರ್ ನೋಡಿ.

ಫ್ಯಾನ್ ಬಿಚ್ಚಿ ರಿಪೇರಿ ಮಾಡಿಸಿದ್ದರೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಫ್ಯಾನ್ ತಿರುಗುವಾಗ ರೇಡಿಯೇಟರ್ ಮುಂದೆ ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಗೆ, ಇಂಜಿನ್ ಕಡೆಗೆ ಹೋಗಬೇಕು. ನಿಮ್ಮ ಮುಖಕ್ಕೆ ಬಂದರೆ ತಂತಿ ಅದಲು ಬದಲಾಗಿದೆ, ಫ್ಯಾನ್ ಉಲ್ಟಾ ತಿರುಗುತ್ತಿದೆ. ಗದ್ದೆ ದಾರಿಯಲ್ಲಿ ಓಡಾಡುವವರು, ಇಂಜಿನ್ ತಣ್ಣಗಿದ್ದು ಕೀ ತೆಗೆದಿದ್ದಾಗ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಕೆಸರು ಕಟ್ಟಿ ಬಿಗಿಯಾದ ಫ್ಯಾನು ಕರೆಂಟ್ ಜಾಸ್ತಿ ಎಳೆದು ಫ್ಯೂಸ್ ಹಾರಿಸುತ್ತದೆ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಬೇಡಿ, ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳೀ ಸುಣ್ಣ ಅಲ್ಲೂ ಕಟ್ಟುತ್ತದೆ. ಬಿಸಿ ಇದ್ದಾಗ ಕ್ಯಾಪ್ ತೆಗೆಯಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ.

ಈ ಏಪ್ರಿಲ್‌ನಲ್ಲಿ ಮತ್ತೆ ಅದೇ ಘಾಟಿ, ಮತ್ತೆ ಲಾರಿಗಳ ಸಾಲು. ಫ್ಯಾನ್ ತಿರುಗುತ್ತಿತ್ತು. ಮೀಟರ್ 12.9ರಿಂದ ಇಳಿಯಲಿಲ್ಲ. ಧೈರ್ಯವಾಗಿ ಇಂಜಿನ್ ಆಫ್ ಮಾಡಿ, ಕೀ ಆನ್‌ಗೆ ತಿರುಗಿಸಿ ಮೀಟರ್ ನೋಡಿದೆ, 12.6. ಮುಂದಿನ ಲಾರಿಯಿಂದ ಇಳಿದ ಹುಡುಗನೊಬ್ಬ ಹ್ಯಾಂಡಲ್ ಕಡೆ ಬಗ್ಗಿ, "ಸಾರ್, ನಿಮ್ಮ ವಾಚ್ ತಪ್ಪು ತೋರಿಸ್ತಿದೆ. ಟೈಮ್ ಆಗಲೇ ಮೂರೂವರೆ" ಅಂದ.

ನಮಸ್ಕಾರ.