'ಇಲ್ಲ' ಅಂದರೂ ಹೊಗಳಿಕೆಯೇ

ಕೇಳುಗರೇ, ನಮಸ್ಕಾರ.

ಕೆಲಸಕ್ಕೆ ಸೇರಿದ ಹೊಸದು. ರಾತ್ರಿಯೆಲ್ಲ ಕೂತು ತಯಾರು ಮಾಡಿದ್ದ ಯೋಜನೆಯನ್ನು ಮೀಟಿಂಗಿನಲ್ಲಿ ವಿವರಿಸಿ ಮುಗಿಸಿದ್ದೆ. ಫೋನಿನಲ್ಲಿ ಆ ಕಡೆಯಿಂದ ಇಂಗ್ಲೆಂಡಿನ ಹಿರಿಯರೊಬ್ಬರು 'ಐ ಕುಡಂಟ್ ಅಗ್ರೀ ಮೋರ್' ಅಂದರು. 'ಕುಡಂಟ್ ಅಗ್ರೀ' ಅಂತ ಕಿವಿಗೆ ಬಿದ್ದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಅಯ್ಯೋ, ಒಪ್ಪಲಿಲ್ಲವಲ್ಲ ಅಂತ ಸಮಜಾಯಿಷಿ ಕೊಡಲು ಹೊರಟೆ. ಪಕ್ಕದಲ್ಲಿದ್ದ ಮೇಡಂ ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು: 'ಪೂರ್ತಿ ಒಪ್ಪಿದ್ದಾರೆ.'

ಗುಟ್ಟು ಇರುವುದು ಕೊನೆಯ 'ಮೋರ್'ನಲ್ಲಿ. ನೂರಕ್ಕೆ ನೂರು ಒಪ್ಪಿಯಾಗಿದೆ, ಇನ್ನೂ ಜಾಸ್ತಿ ಒಪ್ಪೋಣ ಅಂದರೆ ಜಾಗವೇ ಉಳಿದಿಲ್ಲ ಅಂತ ಅದರ ಅರ್ಥ. ಇಲ್ಲ ಅಂದದ್ದು ಒಪ್ಪಿಗೆಗಲ್ಲ, ಅದರ ಮೇಲಿನ ಮೆಟ್ಟಿಲಿಗೆ.

ನಾವೂ ಹೀಗೆ ಹೊಗಳುತ್ತೇವೆ ಅಲ್ವಾ? ಮದುವೆ ಊಟ ಮುಗಿಸಿ 'ಇದಕ್ಕಿಂತ ಚೆನ್ನಾಗಿ ಮಾಡೋಕೆ ಯಾರಿಂದಲೂ ಆಗಲ್ಲ' ಅನ್ನುತ್ತೇವೆ. ಆದರೆ ನಾವು 'ಇದಕ್ಕಿಂತ' ಅನ್ನುವುದನ್ನು ಬಾಯಿಬಿಟ್ಟು ಹೇಳುತ್ತೇವೆ, ಇಂಗ್ಲಿಷಿನಲ್ಲಿ ಎಷ್ಟೋ ಸಲ ಅದನ್ನು ನುಂಗಿಬಿಡುತ್ತಾರೆ. 'ಇಟ್ ಕುಡಂಟ್ ಬಿ ಬೆಟರ್' ಅಂದಾಗ 'ದ್ಯಾನ್ ದಿಸ್' ಅನ್ನುವುದು ಹೇಳುವವರ ಮನಸ್ಸಿನಲ್ಲೇ ಉಳಿಯುತ್ತದೆ. ನಮ್ಮ ಕಿವಿಗೆ ಬರೀ 'ಇಲ್ಲ' ಬೀಳುತ್ತದೆ, ಎಡವುವುದು ಅಲ್ಲೇ. ಹಾಗಾಗಿ ಕೇಳುವಾಗ ನೀವೇ ಒಂದು 'ಇದಕ್ಕಿಂತ' ಸೇರಿಸಿಕೊಳ್ಳಿ, ಮಾತು ತಾನಾಗಿ ಬಿಡಿಸಿಕೊಳ್ಳುತ್ತದೆ.

'ಹೌ ಆರ್ ಯೂ' ಅಂದರೆ ಕೆಲವರು 'ನೆವರ್ ಬೆಟರ್' ಅನ್ನುತ್ತಾರೆ. ಪಾಪ, ಹುಷಾರಿಲ್ಲವೇನೋ ಅಂದುಕೊಳ್ಳಬೇಡಿ, ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಅಂತ ಹೇಳುತ್ತಿದ್ದಾರೆ. ಕ್ರಿಕೆಟ್ ಕಾಮೆಂಟರಿಯಲ್ಲೂ ಇದು ಸಿಗುತ್ತದೆ. ಬ್ಯಾಟಿಗೆ ಸರಿಯಾಗಿ ಕೂತ ಚೆಂಡು ಬೌಂಡರಿಗೆ ಓಡಿದಾಗ 'ಕುಡಂಟ್ ಹ್ಯಾವ್ ಟೈಮ್ಡ್ ಇಟ್ ಬೆಟರ್' ಅಂದರೆ ಅದು ಆ ಹೊಡೆತಕ್ಕೆ ಸಿಗುವ ದೊಡ್ಡ ಶಹಬ್ಬಾಸ್.

ಹಾಗಂತ ಕುಡಂಟ್ ಇದ್ದಲ್ಲೆಲ್ಲ ಹೊಗಳಿಕೆ ಅಂತ ಹಿಗ್ಗಬೇಡಿ. 'ಕುಡಂಟ್ ಬಿ ವರ್ಸ್' ಅಂದರೆ ಇದಕ್ಕಿಂತ ಕೆಟ್ಟದ್ದಿಲ್ಲ. 'ಕುಡಂಟ್ ಕೇರ್ ಲೆಸ್' ಅಂದರೆ ನನಗೆ ಚೂರೂ ಲೆಕ್ಕವಿಲ್ಲ. ಇನ್ನು 'ಕುಡ್ ಬಿ ಬೆಟರ್' ಇದೆಯಲ್ಲ, ಅದು ನಯವಾದ ತಕರಾರು, ಇನ್ನೂ ಚೆನ್ನಾಗಿರಬಹುದಿತ್ತು ಅಂತ. ಅದಕ್ಕೂ ಹೊಗಳಿಕೆಗೂ ನಡುವೆ ಇರುವುದು ಒಂದು ಪುಟ್ಟ 'ಂಟ್' ಮಾತ್ರ, ಫೋನಿನಲ್ಲಿ ಅದು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಅನುಮಾನ ಬಂದರೆ ಸುಮ್ನೆ ತಲೆಯಾಡಿಸಬೇಡಿ. ಇನ್ನೊಂದು ಸಲ ಹೇಳ್ತೀರಾ ಅಂತ ಕೇಳಿಬಿಡಿ.

ನಮಸ್ಕಾರ.