ಶುಗರ್ ನಾರ್ಮಲ್ ಅಂದ್ರೆ ಹಾರ್ಟೂ ನಾರ್ಮಲ್ಲಾ?

ನಮ್ಮಪ್ಪನ ಶರ್ಟ್ ಜೇಬಿನಲ್ಲಿ ಯಾವಾಗಲೂ ಒಂದು ಚೀಟಿ ಇರುತ್ತದೆ. ನಾಲ್ಕು ಮಡಿಕೆ ಮಡಿಸಿದ ಲ್ಯಾಬ್ ರಿಪೋರ್ಟ್, ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯದು. ಮದುವೆ ಮನೆಯಲ್ಲಿ ಯಾರಾದರೂ "ಹೋಳಿಗೆ ಬಡಿಸಲಾ?" ಅಂದರೆ ಸಾಕು, ಚೀಟಿ ಹೊರಗೆ ಬರುತ್ತದೆ. "ಎಚ್‌ಬಿಎ1ಸಿ 6.9. ಹಾಕಪ್ಪಾ, ತುಪ್ಪಾನೂ ಹಾಕು."

ಹೋದ ವರ್ಷ ಅದೇ ಅಪ್ಪ ಎರಡನೇ ಮಹಡಿ ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಂತರು. ಪಾದ ಊದಿತ್ತು. ಚಪ್ಪಲಿ ಬಿಚ್ಚಿದರೂ ಪಟ್ಟಿಯ ಗುರುತು ಹಾಗೇ ಇತ್ತು. ಎಕೋ, ಅಂದರೆ ಹಾರ್ಟಿನ ಸ್ಕ್ಯಾನ್, ಮಾಡಿಸಿದೆವು. ದೊಡ್ಡ ಬ್ಲಾಕ್ ಏನೂ ಇಲ್ಲ, ಆದರೆ ಹಾರ್ಟ್ ಬಿಗಿಯಾಗಿದೆ, ಸರಿಯಾಗಿ ಸಡಿಲ ಆಗುತ್ತಿಲ್ಲ ಅಂದರು. ಅಪ್ಪನದು ಒಂದೇ ಮಾತು: "ಶುಗರ್ ಕಂಟ್ರೋಲ್‌ನಲ್ಲೇ ಇತ್ತಲ್ಲ?"

ಇತ್ತು. ಆದರೆ ಆ ಚೀಟಿ ಹೇಳೋದು ರಕ್ತದ ಕತೆ. ಹಾರ್ಟಿನ ಒಳಗೆ ಏನು ಉರಿಯುತ್ತಿದೆ ಅನ್ನೋದನ್ನು ಅದು ಹೇಳಲ್ಲ.

ಹಳ್ಳಿ ಮನೆಯ ಒಲೆ ನೋಡಿದ್ದೀರಲ್ಲ? ಸೌದೆ ಇದ್ದರೆ ಸೌದೆ, ಇಲ್ಲದಿದ್ದರೆ ತೆಂಗಿನ ಗರಿ, ಚಿಪ್ಪು, ಬೆರಣಿ. ಏನು ತುರುಕಿದರೂ ಅನ್ನ ಬೇಯುತ್ತದೆ. ಆರೋಗ್ಯವಾದ ಹಾರ್ಟ್ ಹಾಗೇ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯಬೇಕು, ಆರಿಸಿಕೊಂಡು ಕೂರೋಕೆ ಪುರಸೊತ್ತಿಲ್ಲ. ಹೆಚ್ಚಿನ ಪಾಲು ಕೊಬ್ಬು ಸುಡುತ್ತದೆ. ಜೊತೆಗೆ ಗ್ಲೂಕೋಸ್, ಸ್ನಾಯು ದುಡಿದಾಗ ಬರುವ ಲ್ಯಾಕ್ಟೇಟ್, ಕೊಬ್ಬು ಕರಗಿದಾಗ ಲಿವರ್ ಮಾಡುವ ಕೀಟೋನ್. ಊಟ ಆದ ಮೇಲೆ ಒಂದು, ಉಪವಾಸದಲ್ಲಿ ಇನ್ನೊಂದು.

ಸಕ್ಕರೆ ಕಾಯಿಲೆ ಕಸಿಯೋದು ಈ ಗುಣವನ್ನೇ. ಸಕ್ಕರೆಯನ್ನು ಕೋಶದೊಳಗೆ ಕಳಿಸುವ ಇನ್ಸುಲಿನ್ ಹಾರ್ಮೋನಿನ ಮಾತು ನಡೆಯಲ್ಲ. ಗ್ಲೂಕೋಸನ್ನು ಒಳಗೆ ಬಿಡುವ ಬಾಗಿಲುಗಳು ಕಡಿಮೆ ಆಗುತ್ತವೆ. ರಕ್ತದಲ್ಲಿ ಕೊಬ್ಬು ಜಾಸ್ತಿ ಓಡಾಡುತ್ತದೆ. ಆ ಕೊಬ್ಬು ಸುಮ್ನೆ ಉರಿದು ಹೋಗಲ್ಲ. ಜೀವಕೋಶದ ಒಳಗೆ ಪಿಪಿಎಆರ್ ಆಲ್ಫಾ ಅನ್ನೋ ಪ್ರೋಟೀನನ್ನು ಎಬ್ಬಿಸುತ್ತದೆ. ಅದು ಜೀನ್‌ಗಳ ಸ್ವಿಚ್. ಕೊಬ್ಬು ಸುಡುವ ಜೀನ್‌ಗಳೆಲ್ಲ ಆನ್. ಪಿಡಿಕೆ4 ಅನ್ನೋ ಇನ್ನೊಂದು ಜೀನ್ ಕೂಡ ಆನ್. ಇದರ ಕೆಲಸ ಏನು ಗೊತ್ತಾ? ಗ್ಲೂಕೋಸ್ ಒಲೆಗೆ ಬೀಳುವ ದಾರಿಗೆ ಬೀಗ ಹಾಕೋದು. ಸುತ್ತಲೂ ಸಕ್ಕರೆ ತುಂಬಿ ತುಳುಕುತ್ತಿದೆ, ಒಳಗೆ ಮಾತ್ರ ಕೊಬ್ಬೇ ಗತಿ! ಅಷ್ಟೇ ಶಕ್ತಿಗೆ ಕೊಬ್ಬಿಗೆ ಆಕ್ಸಿಜನ್ ಜಾಸ್ತಿ ಬೇಕು. ಸುಡದೆ ಉಳಿದದ್ದು ಕೋಶದೊಳಗೇ ಕಸವಾಗಿ ಕೂರುತ್ತದೆ.

2002ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ತೋರಿಸಿದರು. ಡಯಾಬಿಟಿಸೇ ಇಲ್ಲದ ಇಲಿ. ಹಾರ್ಟಿನಲ್ಲಿ ಮಾತ್ರ ಆ ಸ್ವಿಚ್ಚನ್ನು ಜೋರಾಗಿ ಒತ್ತಿಹಿಡಿದರು. ಹಾರ್ಟ್ ಥೇಟ್ ಡಯಾಬಿಟಿಸ್ ಹಾರ್ಟ್ ಥರಾನೇ ಆಯಿತು. ನನಗೆ ಇದು ಮರೆಯೋಕೇ ಆಗಲ್ಲ.

ಹಾಗಾದರೆ ಮಾತ್ರೆಗಳು? ಇಲ್ಲೇ ನನ್ನ ಜಗಳ. ಸಕ್ಕರೆ ಇಳಿಸಿದರೆ ಸಾಕು, ಒಳ್ಳೆ ಮಾತ್ರೆ ಅಂತ ನಾವು ಎಷ್ಟೋ ವರ್ಷ ನಂಬಿದ್ದೆವು. ರೋಸಿಗ್ಲಿಟಜೋನ್ ನೆನಪಿದೆಯಾ? ಅದೂ ಜೀನ್ ಸ್ವಿಚ್ ಒತ್ತುವ ಮಾತ್ರೆಯೇ, ಪಿಪಿಎಆರ್ ಗಾಮಾ ಅನ್ನೋ ತಮ್ಮನನ್ನು. ಸಕ್ಕರೆ ಚೆನ್ನಾಗಿ ಇಳಿಯುತ್ತಿತ್ತು. ಮೈಯಲ್ಲಿ ನೀರು ನಿಲ್ಲುತ್ತಿತ್ತು, ಹಾರ್ಟ್ ಫೇಲ್ಯೂರ್, ಅಂದರೆ ಮೈಗೆ ಬೇಕಾದಷ್ಟು ರಕ್ತವನ್ನು ಹಾರ್ಟ್ ಸರಿಯಾಗಿ ಪಂಪ್ ಮಾಡಲಾಗದ ಸ್ಥಿತಿ, ಜಾಸ್ತಿ ಆಗುತ್ತಿತ್ತು. 2007ರಲ್ಲಿ ಹಾರ್ಟ್ ಅಟ್ಯಾಕ್ ಅನುಮಾನವೂ ಸೇರಿತು. 2010ರಲ್ಲಿ ಭಾರತ ಅದನ್ನು ನಿಲ್ಲಿಸಿತು. ಅಮೆರಿಕ ಆಮೇಲೆ ಅಟ್ಯಾಕ್ ವಿಷಯದಲ್ಲಿ ಪಟ್ಟು ಸಡಿಲಿಸಿತು, ಫೇಲ್ಯೂರ್ ಎಚ್ಚರಿಕೆಯನ್ನು ಮಾತ್ರ ತೆಗೆಯಲಿಲ್ಲ.

2008ರಲ್ಲಿ ಅಕಾರ್ಡ್ ಅನ್ನೋ ಟ್ರಯಲ್, ಅಂದರೆ ರೋಗಿಗಳ ಮೇಲೆ ಚಿಕಿತ್ಸೆಯ ಪರೀಕ್ಷೆ. 10 ಸಾವಿರಕ್ಕೂ ಹೆಚ್ಚು ಜನ. ಅರ್ಧ ಜನರ ಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ಹೊರಟರು. ಆ ಗುಂಪಿನಲ್ಲೇ ಸಾವು ಹೆಚ್ಚಾಗಿ, ಆ ಕಡೆಯ ಚಿಕಿತ್ಸೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು.

ಆಮೇಲೆ 2015. ಎಂಪಾಗ್ಲಿಫ್ಲೋಜಿನ್. ಇದು ಕಿಡ್ನಿಗೆ ಹೇಳಿ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕಿಸುತ್ತದೆ, ಅಷ್ಟೇ. ಸಕ್ಕರೆ ಇಳಿದದ್ದು ಸ್ವಲ್ಪ. ಆದರೆ ಮೊದಲೇ ಹಾರ್ಟ್ ತೊಂದರೆ ಇದ್ದ 7,020 ಜನರ ಟ್ರಯಲ್‌ನಲ್ಲಿ ಹಾರ್ಟ್ ಮತ್ತು ರಕ್ತನಾಳದ ಕಾರಣದ ಸಾವು 38% ಕಡಿಮೆ. 2019ರಲ್ಲಿ ಇದರ ದಾಯಾದಿ ಡಾಪಾಗ್ಲಿಫ್ಲೋಜಿನ್ ಹಾರ್ಟ್ ಫೇಲ್ಯೂರ್ ಇರುವ, ಶುಗರೇ ಇಲ್ಲದವರಿಗೂ ಕೆಲಸ ಮಾಡಿತು. ಅಂದರೆ ಲಾಭ ಬಂದದ್ದು ಸಕ್ಕರೆ ಲೆಕ್ಕದಿಂದ ಅಲ್ಲ, ಅಲ್ವಾ? ಉಪ್ಪು ನೀರು ಹೊರಗೆ ಹೋಗೋದು ಒಂದು ಕಾರಣ. ಹಾರ್ಟಿಗೆ ಕೀಟೋನ್ ಅನ್ನೋ ಬೇರೆ ಸೌದೆ ಸಿಗುತ್ತದೆ ಅನ್ನೋದು ಇನ್ನೊಂದು ವಾದ. ವಿಜ್ಞಾನಿಗಳ ನಡುವೆ ಆ ಜಗಳ ಮುಗಿದಿಲ್ಲ.

ನನ್ನ ಸಿಟ್ಟು ಬೇರೆ. ಅಪ್ಪನನ್ನು ವರ್ಷಗಟ್ಟಲೆ ನೋಡಿದ ಡಾಕ್ಟರ್ ಸಂಖ್ಯೆ ನೋಡಿ "ಗುಡ್" ಬರೆದು ಕಳಿಸಿದರು. ಪಾದ ಒತ್ತಿ ನೋಡಲಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ ಅಂತ ಕೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಇಲ್ಲಿ ಮುಗಿದು ಬೆಲೆ ಬಿದ್ದಿದೆ. ಹಾಗಂತ ಪಕ್ಕದ ಮನೆಯವರ ಸ್ಟ್ರಿಪ್ ಕಿತ್ತು ನುಂಗಬೇಡಿ. ಮೂತ್ರದ ಜಾಗದಲ್ಲಿ ಸೋಂಕು ಆಗಬಹುದು, ಕೆಲವರಿಗೆ ರಕ್ತ ಆಮ್ಲವಾಗುವ ಅಪಾಯವೂ ಇದೆ. ಆದರೆ "ಈ ಮಾತ್ರೆ ನನ್ನ ಹಾರ್ಟಿಗೆ ಏನು ಮಾಡುತ್ತೆ?" ಅಂತ ಡಾಕ್ಟರನ್ನು ಕೇಳೋಕೆ ಯಾರ ಅಪ್ಪಣೆಯೂ ಬೇಡ.

ಅಪ್ಪನ ಜೇಬಿನಲ್ಲಿ ಈಗ ಎರಡು ಚೀಟಿ. ಎಕೋ ರಿಪೋರ್ಟೂ ಇದೆ. ಹೋಳಿಗೆ ಬಂದಾಗ ಮಾತ್ರ ಹಳೇದೇ ಮೊದಲು ಹೊರಗೆ ಬರುತ್ತದೆ.