ಕುರ್ಚಿ ಬಿಟ್ಟರೂ ಕಾವು ಬಿಡದು

ಕೇಳುಗರಿಗೆ ನಮಸ್ಕಾರ. ಪಟ್ಟ ಬಿಟ್ಟುಕೊಟ್ಟ ಪಾತ್ರಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು. ಕುರ್ಚಿಯಿಂದ ಏಳುವುದು ಸುಲಭ, ಅದರ ಕಾವು ಮೈಯಿಂದ ಇಳಿಯುವುದು ಕಷ್ಟ.

ಶೇಕ್ಸ್‌ಪಿಯರನ ಲಿಯರ್ ದೊರೆಯನ್ನೇ ನೋಡಿ. ವಯಸ್ಸು 80 ದಾಟಿದೆ. ರಾಜ್ಯವನ್ನು ಹೆಣ್ಣುಮಕ್ಕಳಿಗೆ ಹಂಚಿಬಿಟ್ಟ. ಬಾಯ್ತುಂಬ ಹೊಗಳಿದ ಇಬ್ಬರಿಗೆ ಎಲ್ಲ ಸಿಕ್ಕಿತು. ಹೊಗಳದ ಕಿರಿಯವಳಿಗೆ ಏನೂ ಇಲ್ಲ. ಸರಿ, ಕೊಟ್ಟಾಯಿತಲ್ವಾ? ಇಲ್ಲ! ದೊರೆ ಅನ್ನುವ ಹೆಸರು ನನಗೇ ಇರಲಿ, ಜೊತೆಗೆ 100 ಸರದಾರರು ಇರಲಿ, ಒಂದೊಂದು ತಿಂಗಳು ಒಬ್ಬೊಬ್ಬಳ ಮನೆಯಲ್ಲಿ ಇರುತ್ತೇನೆ ಅಂದ. ಇದನ್ನು ಬಿಟ್ಟುಕೊಡುವುದು ಅಂತಾರಾ?

ದೊಡ್ಡವಳು 100ರಲ್ಲಿ 50 ಕಡಿದಳು. ಸಿಟ್ಟಾಗಿ ಎರಡನೆಯವಳ ಹತ್ತಿರ ಹೋದ. ಅವಳು 25 ಸಾಕು ಅಂದಳು. ಆಗ ಮುದುಕ ಏನು ಮಾಡಿದ ಗೊತ್ತಾ? ತಾನೇ ಶಪಿಸಿ ಬಂದಿದ್ದ ದೊಡ್ಡವಳ ಕಡೆ ತಿರುಗಿ, 50 ಅಂದರೆ 25ರ ಎರಡರಷ್ಟು, ನಿನ್ನ ಪ್ರೀತಿಯೂ ಅವಳದರ ಎರಡರಷ್ಟು, ನಿನ್ನ ಜೊತೆಗೇ ಬರುತ್ತೇನೆ ಅಂದ. ಸರದಾರರ ತಲೆ ಎಣಿಸಿ ಪ್ರೀತಿ ಅಳೆಯುತ್ತಿದ್ದಾನೆ! ಎಷ್ಟು ಸಲ ಓದಿದರೂ ನಾನು ಇಲ್ಲಿ ನಿಂತುಬಿಡುತ್ತೇನೆ. ಅವಳೋ, 25 ಯಾಕೆ, 10 ಯಾಕೆ, 5 ಯಾಕೆ ಅಂತ ಕೇಳಿದಳು. ತಂಗಿ ದನಿಗೂಡಿಸಿದಳು: ಒಬ್ಬನಾದರೂ ಯಾಕೆ? ಆ ಮಕ್ಕಳು ಕೆಟ್ಟವರು, ಒಪ್ಪಿದೆ. ಆದರೆ ‘ಪಾಪ ಲಿಯರ್’ ಅಂತ ಕಣ್ಣೊರೆಸಿಕೊಳ್ಳುವವರು ಈ ಲೆಕ್ಕವನ್ನು ಸುಮ್ನೆ ಹಾರಿಸಿಬಿಡುತ್ತಾರೆ. ಕಾವು ಇಳಿದಿಲ್ಲ ಸ್ವಾಮಿ!

ಇನ್ನು 941ರಲ್ಲಿ ಪಂಪ ಬರೆದ ಆದಿಪುರಾಣದ ಬಾಹುಬಲಿ. ಇವನು ಗೆದ್ದು ಬಿಟ್ಟವನು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಅಣ್ಣ ಭರತ ಸೋತ. ರೇಗಿ ಚಕ್ರ ಬಿಟ್ಟರೆ ಅದೂ ತಮ್ಮನನ್ನು ಸುತ್ತಿ ಪಕ್ಕದಲ್ಲಿ ನಿಂತಿತು. ಆಗಲೇ ಬಾಹುಬಲಿ ರಾಜ್ಯ ಬೇಡವೆಂದು ತಪಸ್ಸಿಗೆ ಹೋದ. ಕಾಲ ಬಳಿ ಹುತ್ತ ಬೆಳೆಯಿತು, ಮೈಗೆ ಬಳ್ಳಿ ಹಬ್ಬಿತು. ಆದರೂ ನಿಂತ ನೆಲ ಅಣ್ಣನದು ಅನ್ನುವ ಕೊರಗು ಒಳಗೆ ಉಳಿದಿತ್ತು ಎಂದು ಕತೆ ಹೇಳುತ್ತಾರೆ. ನೋಡಿದಿರಾ, ಅವನಿಗೂ ಕಾವು! ಭರತ ಬಂದು ಕೈಮುಗಿದ ಮೇಲೆಯೇ ಅದು ಇಳಿದದ್ದು.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಲಿಯರ್ ಜಾಸ್ತಿ ಹೊತ್ತು ತಿಂದ. ಆದರೂ ರಾಮನ ತಮ್ಮ ಭರತನನ್ನು ಬಿಟ್ಟು ಏಳಲಾರೆ. ಕೇಳದೆ ಸಿಕ್ಕ ಪಟ್ಟ. ನಂದಿಗ್ರಾಮದಲ್ಲಿ ಅಣ್ಣನ ಪಾದುಕೆಗೆ ಪಟ್ಟ ಕಟ್ಟಿ, ತಾನು ನಾರುಮಡಿ ಉಟ್ಟು, ಅವಕ್ಕೆ ಕೊಡೆ ಹಿಡಿದ. ರಾಜ್ಯದ ಪ್ರತಿ ವಿಷಯವನ್ನೂ ಮೊದಲು ಅವಕ್ಕೆ ಒಪ್ಪಿಸುತ್ತಿದ್ದ. 14 ವರ್ಷ. ರಾಮ ಬಂದ ದಿನ ತಾನೇ ಅವನ್ನು ಅಣ್ಣನ ಕಾಲಿಗೆ ತೊಡಿಸಿದ. ಬೊಕ್ಕಸ, ಕಣಜ ಎಲ್ಲ 10 ಪಟ್ಟಾಗಿದೆ, ನೋಡಿಕೋ ಅಂದ. ಇವನು ಕೊಟ್ಟ ಲೆಕ್ಕ ಅಷ್ಟೇ. ನಮಸ್ಕಾರ.